ಗೊಂಬೆ ರೋಗಿಯ ಹತ್ತಿರ ಕಲಿತದ್ದು ವಾರ್ಡಿನಲ್ಲಿ ಉಳಿಯುತ್ತದಾ?

ಆರನೇ ಸೆಮ್, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ನರ್ಸಿಂಗ್ ಆರನೇ ಸೆಮಿಸ್ಟರ್. ಸಿಮ್ಯುಲೇಷನ್ ಲ್ಯಾಬ್ (ರೋಗಿಯ ಬದಲು ಗೊಂಬೆ ಇಟ್ಟು ಅಭ್ಯಾಸ ಮಾಡುವ ಕೋಣೆ) ಅಂದ ಕೂಡಲೇ ಇಂಜೆಕ್ಷನ್, ಕ್ಯಾತಿಟರ್, ಸಿಪಿಆರ್ ಇದಕ್ಕೆಲ್ಲ ಕೈ ಪಳಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ನನಗೆ ಅಲ್ಲಿಂದ ಸಿಕ್ಕಿದ್ದು ಬೇರೆಯೇ. ಅದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಓದಿ.

ನಮಗೆ ಕೊಟ್ಟ ರೋಗಿ 24 ವರ್ಷದ ಹುಡುಗ. ಡೆಂಗಿ, ಜ್ವರ ಶುರುವಾಗಿ ಐದನೇ ದಿನ. ಮಂಗಳೂರಿನಲ್ಲಿ ಮಳೆಗಾಲದಲ್ಲಿ ಯಾವ ಮೆಡಿಕಲ್ ವಾರ್ಡಿಗೆ ಹೋದರೂ ಸಿಗುವ ಕೇಸ್. ಬೆಳಿಗ್ಗೆಯ ಚಾರ್ಟಿನಲ್ಲಿ ಜ್ವರ 102.6, ಪಲ್ಸ್ 104, ಬಿಪಿ 112/74. ನಾವು ಒಳಗೆ ಹೋಗುವಾಗ ಮಧ್ಯಾಹ್ನ ಎರಡು ಗಂಟೆ ಎಂದು ಲೆಕ್ಕ. ಗೊಂಬೆಯ ಒಳಗಿನ ಸ್ಪೀಕರ್‌ನಿಂದ ಮೇಡಂ ದನಿ ಬಂತು: "ಸಿಸ್ಟರ್, ಜ್ವರ ಬಿಟ್ಟಿತು. ಇವತ್ತು ಮನೆಗೆ ಬಿಡ್ತಾರಾ? ಹೊಟ್ಟೆ ಮಾತ್ರ ಸ್ವಲ್ಪ ನೋಯ್ತಾ ಉಂಟು."

ನನ್ನ ಕೆಲಸ ಚಾರ್ಟ್ ಬರೆಯುವುದು. ಗೆಳತಿ ಒಂದೊಂದೇ ಓದಿ ಹೇಳುತ್ತಿದ್ದಳು. ಜ್ವರ 99. ಪಲ್ಸ್ 112. ಉಸಿರು 20. ಬಿಪಿ 104/86. ಬೆಳಿಗ್ಗೆಯ ಸಾಲಿನ ಕೆಳಗೇ ಬರೆದಾಗ ಕಣ್ಣಿಗೆ ಬಿತ್ತು. ಮೇಲಿನ ಬಿಪಿ ಇಳಿದಿದೆ, ಕೆಳಗಿನದು ಏರಿದೆ. ಎರಡರ ನಡುವಿನ ಅಂತರ ಬೆಳಿಗ್ಗೆ 38 ಇತ್ತು, ಈಗ 18. ಅದನ್ನು ಜೋರಾಗಿ ಹೇಳಿದೆ.

ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ರಕ್ತನಾಳದಿಂದ ಪ್ಲಾಸ್ಮಾ ಸೋರುತ್ತದೆ, ಆ ಅಂತರ, ಅಂದರೆ ಪಲ್ಸ್ ಪ್ರೆಶರ್, 20ಕ್ಕೆ ಇಳಿದರೆ ಶಾಕ್ (ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಎಂದು ನೋಡಬೇಕು. ಇದನ್ನೆಲ್ಲ ನಮ್ಮ ಕ್ಲಾಸಿನವರು ಎಲ್ಲರೂ ಪರೀಕ್ಷೆಯಲ್ಲಿ ಬರೆದವರೇ. ಆದರೂ ಆ ಕೋಣೆಯಲ್ಲಿ ಮೊದಲ ಎರಡು ನಿಮಿಷ ಎಲ್ಲರ ಮುಖದಲ್ಲೂ ನೆಮ್ಮದಿ. ಜ್ವರ ಬಿಟ್ಟಿದೆಯಲ್ಲ, ಹುಡುಗ ಮಾತಾಡುತ್ತಿದ್ದಾನಲ್ಲ. ಓದಿದ್ದು ತಲೆಯಲ್ಲಿತ್ತು, ಕೇಳಬೇಕಾದ ಪ್ರಶ್ನೆ ಬಾಯಿಗೆ ಬಂದಿರಲಿಲ್ಲ. ಬೆಳಿಗ್ಗೆಗೂ ಈಗಿಗೂ ಏನು ಬದಲಾಯಿತು? ಅಷ್ಟೇ ಪ್ರಶ್ನೆ.

ಆಮೇಲೆ ಫೋನ್. ಡ್ಯೂಟಿ ಡಾಕ್ಟರ್ ಪಾತ್ರದಲ್ಲಿದ್ದವರಿಗೆ "ಬಿಪಿ 104/86 ಸರ್" ಅಂದರೆ, "104 ಅಲ್ವಾ, ಪರವಾಗಿಲ್ಲ, ನೋಡ್ತಾ ಇರಿ" ಎಂಬ ಉತ್ತರ. ಬೇಕೆಂದೇ ಹಾಗೆ ಇಟ್ಟಿದ್ದರು. ಗೆಳತಿ ಬಿಡಲಿಲ್ಲ. "ಸರ್, ಪಲ್ಸ್ ಪ್ರೆಶರ್ 18. ಬೆಳಿಗ್ಗೆ 38 ಇತ್ತು. ಹೊಟ್ಟೆನೋವು ಹೊಸದು. ಬೆಳಿಗ್ಗೆ ಎಂಟರಿಂದ ಯೂರಿನ್ ಪಾಸ್ ಮಾಡಿಲ್ಲ. ಹಿಮ್ಯಾಟೊಕ್ರಿಟ್ ಈಗಲೇ ಕಳಿಸಬೇಕಾ? ನೀವು ಬಂದು ನೋಡಬೇಕು" ಎಂದಳು. (ಹಿಮ್ಯಾಟೊಕ್ರಿಟ್ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ನೋಡುವ ಪರೀಕ್ಷೆ.) ಎಸ್‌ಬಾರ್ ಅಂತ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಏನಾಗಿದೆ, ಹಿನ್ನೆಲೆ ಏನು, ನನಗೇನು ಅನಿಸುತ್ತದೆ, ಏನು ಬೇಕು ಅಂತ. ಅದರಲ್ಲಿ ಕೊನೆಯ ಎರಡು ಹೇಳಲು ಎಷ್ಟು ಧೈರ್ಯ ಬೇಕು ಎಂದು ಆವತ್ತು ಕಂಡೆ.

ಮುಗಿದ ಮೇಲೆ ಕೂತು ಮಾತಾಡುವ ಡಿಬ್ರೀಫಿಂಗ್, ನಾವು ಮಾಡಿದ ಸಿನೇರಿಯೋಗಿಂತ ಉದ್ದ ಇತ್ತು. ಮೇಡಂ ಸರಿ ತಪ್ಪು ಹೇಳಲೇ ಇಲ್ಲ. "86 ಬರೆಯುವಾಗ ನಿನ್ನ ತಲೆಯಲ್ಲಿ ಏನು ಓಡ್ತಾ ಇತ್ತು?" ಎಂದು ಕೇಳಿದರು. ಇಂಥ ಪ್ರಶ್ನೆ ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಈಗ ನನ್ನ ಪ್ರಶ್ನೆ. ಲ್ಯಾಬಿನಲ್ಲಿ ಮೂವರಿಗೆ ಒಬ್ಬ ರೋಗಿ. ವಾರ್ಡಿನಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ಮಂದಿ ಎಂದು ನಿಮಗೆಲ್ಲ ಗೊತ್ತು. ಅಲ್ಲಿ ಈ ಅಭ್ಯಾಸ ಉಳಿಸಿಕೊಳ್ಳುವುದು ಹೇಗೆ? ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ವಾರ್ಡ್ ಸಿಸ್ಟರ್, ಉಡುಪಿ

ತಂಗೀ, ಚೆನ್ನಾಗಿ ಬರೆದಿದ್ದೀ. ಆದರೆ ಒಂದು ಮಾತು ಹೇಳಲೇಬೇಕು. ನಿನ್ನ ಆ ಹುಡುಗ ನಿಜವಾದವನಾಗಿದ್ದರೆ ನನಗೆ 86 ಬೇಕಾಗುತ್ತಲೇ ಇರಲಿಲ್ಲ. ಕೈ ಹಿಡಿದಿದ್ದರೆ ಸಾಕಿತ್ತು. ಅಂಗೈ, ಪಾದ ತಣ್ಣಗೆ ಇರುತ್ತಿತ್ತು. ಉಗುರು ಒತ್ತಿ ಬಿಟ್ಟರೆ ಕೆಂಪು ಬರಲು ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತಿತ್ತು. ಗೊಂಬೆಯ ಕೈ ಯಾವಾಗಲೂ ಒಂದೇ ಹಾಗೆ ಅಲ್ವಾ?

ನಮ್ಮಲ್ಲಿಗೆ ಪೋಸ್ಟಿಂಗ್‌ಗೆ ಬರುವ ಮಕ್ಕಳಲ್ಲಿ ಇದನ್ನು ನೋಡುತ್ತಿದ್ದೇನೆ. ಬೆಡ್ ಹತ್ತಿರ ಬಂದ ಕೂಡಲೇ ಮಾನಿಟರ್ ನೋಡುತ್ತಾರೆ. ಆಮೇಲೆ ಫೈಲ್ ನೋಡುತ್ತಾರೆ. ರೋಗಿಯನ್ನು ಮುಟ್ಟುವುದು ಕೊನೆಗೆ. ಜನರಲ್ ವಾರ್ಡಿನಲ್ಲಿ ಮಾನಿಟರ್ ಇರುವುದೂ ಇಲ್ಲ. ಆಗ ಏನು ನೋಡಬೇಕು ಎಂದು ಗೊತ್ತಾಗದೆ ನಿಂತುಬಿಡುತ್ತಾರೆ. ಲ್ಯಾಬ್ ಬೇಡ ಎಂದು ನಾನು ಹೇಳುವುದಿಲ್ಲ. ನಾವು ಕಲಿಯುವಾಗ ಅದು ಇದ್ದಿದ್ದರೆ ಎಷ್ಟೋ ರೋಗಿಗಳ ಮೈಮೇಲೆ ಕಲಿಯುವುದು ತಪ್ಪುತ್ತಿತ್ತು.

ಇನ್ನೊಂದು. ನಿಮ್ಮ ಗೊಂಬೆ ಒಳ್ಳೆ ಕನ್ನಡದಲ್ಲಿ ಎಲ್ಲಿ ನೋವು, ಎಂಥ ನೋವು ಎಂದು ಹೇಳುತ್ತದೆ. ಇಲ್ಲಿ ಬರುವ ಅಜ್ಜಿ ತುಳುವಿನಲ್ಲಿ "ಬಂಜಿ ಬೇನೆ" (ಹೊಟ್ಟೆನೋವು) ಎಂದು ಒಂದು ಸಲ ಹೇಳಿ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಬ್ಯಾರಿ, ಕೊಂಕಣಿ ಮಾತಾಡುವವರೂ ಇದ್ದಾರೆ. ಜೊತೆಗಿದ್ದ ಮಗಳು "ಅಮ್ಮ ಇವತ್ತು ಯಾಕೋ ಸರಿ ಇಲ್ಲ ಸಿಸ್ಟರ್" ಅನ್ನುತ್ತಾಳೆ. ಆ ಮಾತನ್ನು ನಾನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಲ್ಯಾಬ್ ಟೀಚರ್, ಉಡುಪಿ ಜಿಲ್ಲೆ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ, ಸಿಮ್ಯುಲೇಷನ್ ಕಲಿಸುವವಳಾಗಿಯೇ ಒಪ್ಪುತ್ತೇನೆ. ಗೊಂಬೆಗೆ ಚರ್ಮದ ಭಾಷೆ ಬರುವುದಿಲ್ಲ. ಅದಕ್ಕೆ ನಾವು ಕೆಲವು ಉಪಾಯ ಮಾಡುತ್ತೇವೆ. ಸಿನೇರಿಯೋ ಶುರುವಾಗುವ ಮೊದಲು ಗೊಂಬೆಯ ಕೈಗೆ ಐಸ್ ಪ್ಯಾಕ್ ಕಟ್ಟಿಟ್ಟು ತೆಗೆಯುವುದು. ಗ್ಲಿಸರಿನ್‌ಗೆ ನೀರು ಸೇರಿಸಿ ಹಣೆಗೆ ಹಚ್ಚಿದರೆ ಬೆವರಿನ ಹಾಗೆಯೇ ನಿಲ್ಲುತ್ತದೆ. ಮಾನಿಟರ್ ಆಫ್ ಇಡುವುದು, ಅಳೆದವರಿಗೆ ಮಾತ್ರ ಅಂಕಿ ಹೇಳುವುದು. ಮುಟ್ಟದವರಿಗೆ ಕೈ ತಣ್ಣಗಿದೆ ಎಂದು ನಾವಾಗಿ ಹೇಳುವುದಿಲ್ಲ.

ಗೊಂಬೆ ಇಟ್ಟು ಕಲಿಸುವುದು ಹೊಸದೇನೂ ಅಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ 1911ರಲ್ಲೇ 'ಮಿಸೆಸ್ ಚೇಸ್' ಎಂಬ ಆಳೆತ್ತರದ ಗೊಂಬೆ ಬಂದಿತ್ತು. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಸಲು ನಾರ್ವೆಯ ಲೇರ್ಡಾಲ್ 1960ರಲ್ಲಿ 'ರೆಸಸಿ ಆ್ಯನ್' ತಂದರು. ಅವೆಲ್ಲ ಕೈಗೆ ಕಲಿಸುವ ಗೊಂಬೆಗಳು. ಯೋಚನೆ ಕಲಿಸುವುದಕ್ಕೆ ಗೊಂಬೆಯನ್ನು ಬಳಸುವ ಮಾತು ಜೋರಾದದ್ದು ಆಮೇಲೆ.

2006ರಲ್ಲಿ ಕ್ರಿಸ್ಟೀನ್ ಟ್ಯಾನರ್ ಎಂಬ ನರ್ಸಿಂಗ್ ಪ್ರೊಫೆಸರ್ ಕ್ಲಿನಿಕಲ್ ಜಡ್ಜ್‌ಮೆಂಟ್, ಅಂದರೆ ರೋಗಿಯನ್ನು ನೋಡಿ ನರ್ಸ್ ತೀರ್ಮಾನಕ್ಕೆ ಬರುವುದು, ಹೇಗೆ ನಡೆಯುತ್ತದೆ ಎಂದು ಒಂದು ಮಾದರಿ ಕೊಟ್ಟರು. ಗಮನಕ್ಕೆ ಬರುವುದು, ಅದರ ಅರ್ಥ ಹಿಡಿಯುವುದು, ಅದಕ್ಕೆ ತಕ್ಕಂತೆ ಮಾಡುವುದು, ಆಮೇಲೆ ಹಿಂತಿರುಗಿ ನೋಡುವುದು. ಅವರು ಒತ್ತಿ ಹೇಳಿದ್ದು ಏನೆಂದರೆ, ಎದುರಿಗಿರುವ ಅಂಕಿಗಳಿಗಿಂತ ನರ್ಸ್ ತನ್ನ ಜೊತೆ ಏನು ತರುತ್ತಾಳೆ ಎಂಬುದೇ ತೀರ್ಮಾನವನ್ನು ಹೆಚ್ಚು ತಿದ್ದುತ್ತದೆ. ಆ ರೋಗಿ ಯಾವಾಗಲೂ ಹೇಗಿರುತ್ತಾರೆ ಎಂದು ಅವಳಿಗೆ ಗೊತ್ತಿದೆಯಾ, ಇಂಥ ಕೇಸ್ ಮೊದಲು ನೋಡಿದ್ದಾಳಾ, ವಾರ್ಡಿನಲ್ಲಿ ಮಾತಾಡಲು ಬಿಡುತ್ತಾರಾ. ಚಾರ್ಟ್ ಬರೆಯುವ ಹುಡುಗಿಗೆ 86 ಕಂಡದ್ದು ಬೆಳಿಗ್ಗೆಯ ಸಾಲು ಪಕ್ಕದಲ್ಲೇ ಇದ್ದದ್ದರಿಂದ. ಬೇರೆ ಹಾಳೆಯಲ್ಲಿ ಬರೆದಿದ್ದರೆ ಕಾಣುತ್ತಿತ್ತಾ ಎಂದು ಯೋಚಿಸಿ ನೋಡಿ.

ಲ್ಯಾಬಿನಲ್ಲಿ ಎಷ್ಟು ಹೊತ್ತು ಕಳೆಯಬೇಕು ಎಂಬ ಚರ್ಚೆಗೆ ಅಮೆರಿಕದ ನರ್ಸಿಂಗ್ ಬೋರ್ಡ್‌ಗಳ ಒಕ್ಕೂಟದ ಒಂದು ದೊಡ್ಡ ಅಧ್ಯಯನ ಇದೆ, 2014ರಲ್ಲಿ ಪ್ರಕಟವಾಯಿತು. ಹತ್ತು ಕಾಲೇಜುಗಳ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಆಸ್ಪತ್ರೆಯಲ್ಲಿ ಕಳೆಯಬೇಕಾದ ಕ್ಲಿನಿಕಲ್ ಅವಧಿಯ ಅರ್ಧದಷ್ಟನ್ನು ಸಿಮ್ಯುಲೇಷನ್‌ನಲ್ಲೇ ಕೊಟ್ಟರು. ಕೊನೆಗೆ ಜ್ಞಾನದಲ್ಲಾಗಲಿ ಕೆಲಸದಲ್ಲಾಗಲಿ ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ತರಬೇತಿ ಪಡೆದ ಟೀಚರ್‌ಗಳಿದ್ದರು, ಪ್ರತಿ ಸಲವೂ ಸರಿಯಾದ ಡಿಬ್ರೀಫಿಂಗ್ ಇತ್ತು. ಈ ಭಾಗ ಬಿಟ್ಟು 'ಅರ್ಧ' ಎಂಬುದನ್ನು ಮಾತ್ರ ಎತ್ತಿಕೊಂಡು ಮಾತಾಡುವವರು ಇದ್ದಾರೆ, ನನಗೆ ಅದು ಬೇಸರ. ದುಬಾರಿ ಗೊಂಬೆ ತಂದು, ಡಿಬ್ರೀಫಿಂಗ್‌ಗೆ ಐದು ನಿಮಿಷ ಕೊಟ್ಟರೆ ಮಕ್ಕಳಿಗೆ ಏನೂ ಸಿಗುವುದಿಲ್ಲ.

ಜಿಎನ್‌ಎಂ ಎರಡನೇ ವರ್ಷ

ಮೇಡಂ, ನನಗೆ ಲ್ಯಾಬ್ ಅಂದರೆ ಭಯ. ಗಾಜಿನ ಆಚೆ ಟೀಚರ್, ಈಚೆ ಕ್ಯಾಮರಾ. ರೋಗಿಗಿಂತ ಜಾಸ್ತಿ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತದೆ. ಗೊಂಬೆ ಜೊತೆ ಮಾತಾಡಲು ನಾಲಿಗೆಯೇ ಏಳುವುದಿಲ್ಲ.

ಲ್ಯಾಬ್ ಟೀಚರ್, ಉಡುಪಿ ಜಿಲ್ಲೆ

ತಮ್ಮಾ, ಆ ಭಯ ಕಳೆಯುವುದು ಟೀಚರ್ ಜವಾಬ್ದಾರಿ. ಒಳಗೆ ಹೋಗುವ ಮೊದಲೇ ನಿಮಗೆ ಹೇಳಬೇಕು: ಇದಕ್ಕೆ ಮಾರ್ಕ್ಸ್ ಇಲ್ಲ, ವಿಡಿಯೋ ಹೊರಗೆ ಹೋಗುವುದಿಲ್ಲ, ಗೊಂಬೆಗೆ ಏನು ಬರುತ್ತದೆ ಏನು ಬರುವುದಿಲ್ಲ, ಔಷಧ ಎಲ್ಲಿದೆ, ಫೋನ್ ಎಲ್ಲಿದೆ. ಗೊಂಬೆಯ ಪಲ್ಸ್ ಎಲ್ಲೆಲ್ಲಿ ಸಿಗುತ್ತದೆ ಎಂದು ಮುಟ್ಟಿ ನೋಡಲು ಸಮಯ ಕೊಡಬೇಕು. ಇದನ್ನು ಮಾಡದೆ ಒಳಗೆ ಕಳಿಸಿದರೆ ನೀವು ಪರೀಕ್ಷೆ ಬರೆಯುತ್ತೀರಿ, ಕಲಿಯುವುದಿಲ್ಲ. ಪರೀಕ್ಷೆಗಾಗಿ ಮಾಡುವ ಒಸ್ಕಿಯೇ (ಕೌಶಲಕ್ಕೆ ಮಾರ್ಕ್ಸ್ ಕೊಡುವ ಪ್ರಾಯೋಗಿಕ ಪರೀಕ್ಷೆ) ಬೇರೆ. ಎರಡನ್ನೂ ಕಲಸಬಾರದು. ನಿಮ್ಮ ಟೀಚರ್ ಹತ್ತಿರ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ.

ಊರು ಮಂಗಳೂರು, ಕೆಲಸ ಇಂಗ್ಲೆಂಡ್

ನಾನು ಇಲ್ಲಿ ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿದ್ದೇನೆ. ಇಲ್ಲಿ ಎಲ್ಲ ಕಡೆ ನ್ಯೂಸ್-2 ಎಂಬ ಸ್ಕೋರ್ ಬಳಸುತ್ತಾರೆ. ಉಸಿರು, ಆಕ್ಸಿಜನ್, ಬಿಪಿ, ಪಲ್ಸ್, ಎಚ್ಚರ, ಜ್ವರ, ಒಂದೊಂದಕ್ಕೂ ಅಂಕ. ಮೊತ್ತ 5 ಆದರೆ ತುರ್ತಾಗಿ ಡಾಕ್ಟರ್ ನೋಡಬೇಕು, 7 ಆದರೆ ಇನ್ನೂ ಮೇಲಿನ ಟೀಮ್ ಬರಬೇಕು. ಒಳ್ಳೆಯ ವ್ಯವಸ್ಥೆ, ಹೊಸಬರಿಗೆ ದೊಡ್ಡ ಆಸರೆ.

ಈಗ ನಿಮ್ಮ ಡೆಂಗಿ ಹುಡುಗನಿಗೆ ಲೆಕ್ಕ ಹಾಕಿ ನೋಡಿದೆ. ಪಲ್ಸ್ 112ಕ್ಕೆ 2. ಮೇಲಿನ ಬಿಪಿ 104ಕ್ಕೆ 1. ಜ್ವರ, ಉಸಿರು ಎರಡಕ್ಕೂ ಸೊನ್ನೆ. ಆಕ್ಸಿಜನ್ ಸರಿ ಇತ್ತು ಎಂದುಕೊಂಡರೆ ಒಟ್ಟು 3. ಯಾವ ಗಂಟೆಯೂ ಬಾರಿಸುವುದಿಲ್ಲ! ಯಾಕೆಂದರೆ ಆ ಸ್ಕೋರ್ ಕೆಳಗಿನ ಬಿಪಿಯನ್ನು ನೋಡುವುದೇ ಇಲ್ಲ. ಯೂರಿನ್ ನೋಡುವುದಿಲ್ಲ, ಹೊಟ್ಟೆನೋವು ಕೇಳುವುದಿಲ್ಲ. ಪಲ್ಸ್, ಬಿಪಿಗೆ ಏರಿದ ಅಂಕವನ್ನು ಜ್ವರ ಇಳಿದದ್ದಕ್ಕೆ ಕಡಿಮೆಯಾದ ಅಂಕ ಮುಚ್ಚಿಹಾಕಿ, ಬೆಳಿಗ್ಗೆಗೂ ಈಗಿಗೂ ಏನೂ ಬದಲಾಗಿಲ್ಲ ಎಂದೇ ತೋರುತ್ತದೆ. ಈ ಸ್ಕೋರ್ ಮಾಡಿದವರೇ, ಅಂಕ ಏನೇ ಇರಲಿ ನರ್ಸ್‌ಗೆ ಆತಂಕ ಅನಿಸಿದರೆ ಕರೆಯಬೇಕು ಎಂದು ಬರೆದಿದ್ದಾರೆ. ಅದನ್ನು ಮರೆಯಬಾರದು.

ಬೆವರಿನ ಬಗ್ಗೆ ಟೀಚರ್ ಹೇಳಿದ್ದು ಓದಿ ಇನ್ನೊಂದು ನೆನಪಾಯಿತು. ಸಕ್ಕರೆ ಕಾಯಿಲೆ ಇದ್ದು ಎದೆಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ ಶುಗರ್ ಇಳಿದಾಗ ಎದೆ ಹೊಡೆದುಕೊಳ್ಳುವುದು, ನಡುಕ ಇವು ಮುಚ್ಚಿಹೋಗಬಹುದು. ಬೆವರು ಮಾತ್ರ ಉಳಿಯುತ್ತದೆ. ಪಲ್ಸ್ 70 ಇದೆ ಎಂದು ಮಾನಿಟರ್ ನೋಡಿ ಮುಂದೆ ಹೋದರೆ ಮುಗಿಯಿತು. ಒದ್ದೆಯಾದ ದಿಂಬಿನ ಕವರ್ ನೋಡಿದವರು ಗ್ಲೂಕೋಮೀಟರ್ ತರುತ್ತಾರೆ. ಆ ಕೇಸನ್ನು ಗ್ಲಿಸರಿನ್ ಹಚ್ಚಿ ಖಂಡಿತ ಮಾಡಿಸಿ ಮೇಡಂ.

ಸಿಸ್ಟರ್ ಹೇಳಿದ ಮಗಳ ಮಾತಿಗೆ ಇಲ್ಲಿ ಒಂದು ನಿಯಮವೇ ಬಂದಿದೆ. 2021ರಲ್ಲಿ ಮಾರ್ಥಾ ಎಂಬ 13 ವರ್ಷದ ಹುಡುಗಿ ಸೆಪ್ಸಿಸ್‌ನಿಂದ (ಸೋಂಕಿನಿಂದ ಅಂಗಗಳು ಕೆಡುವ ಸ್ಥಿತಿ) ತೀರಿಕೊಂಡಳು. ಅವಳ ಸ್ಥಿತಿ ಹದಗೆಡುತ್ತಿದೆ ಎಂದು ತಾಯಿ ತಂದೆ ಹೇಳುತ್ತಲೇ ಇದ್ದರು. ಆ ನಂತರ 2024ರಿಂದ ಮಾರ್ಥಾಸ್ ರೂಲ್ ಎಂದು ಜಾರಿಗೆ ತರುತ್ತಿದ್ದಾರೆ. ಮನೆಯವರಿಗೆ ಆತಂಕ ಅನಿಸಿದರೆ ಅವರೇ ನೇರವಾಗಿ ಬೇರೆ ಟೀಮ್ ಕರೆಸಬಹುದು.

ಸಿಎಚ್‌ಒ, ಕಾರ್ಕಳ ಕಡೆ

ನಾನು ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ). ನಮ್ಮ ಉಪಕೇಂದ್ರದಲ್ಲಿ ಗೊಂಬೆಯೂ ಇಲ್ಲ, ಮಾನಿಟರೂ ಇಲ್ಲ. ಇರುವುದು ಬಿಪಿ ಮೆಷಿನ್, ಥರ್ಮಾಮೀಟರ್, ಆಶಾ ಅಕ್ಕಂದಿರು. ಈ ಚರ್ಚೆ ಓದಿ ಅನಿಸಿತು, ನಮಗೂ ಇದು ಬೇಕು. ಮಳೆಗಾಲದಲ್ಲಿ ಜ್ವರ ಅಂತ ಬಂದರೆ ಡೆಂಗಿ ಇರಬಹುದು, ಮಲೇರಿಯಾ ಇರಬಹುದು, ಗದ್ದೆಗೆ ಇಳಿದವರಾದರೆ ಇಲಿ ಜ್ವರ ಇರಬಹುದು. ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು, ಯೂರಿನ್ ಕಡಿಮೆ ಎಂದರೆ ನಾನು ಕಾಯುವುದಿಲ್ಲ, ತಾಲೂಕು ಆಸ್ಪತ್ರೆಗೆ ಕಳಿಸುತ್ತೇನೆ. ಮೈಕೈ ನೋವಿಗೆ ಮೆಡಿಕಲ್‌ನಿಂದ ಐಬುಪ್ರೊಫೆನ್ ತಂದು ನುಂಗುವುದನ್ನು ನಿಲ್ಲಿಸುವುದೇ ಒಂದು ದೊಡ್ಡ ಕೆಲಸ. ಡೆಂಗಿಯಲ್ಲಿ ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಸಾಕು.

ಆಶಾ ಅಕ್ಕಂದಿರ ಜೊತೆ ಗೊಂಬೆ ಇಲ್ಲದೆ ಇಂಥದ್ದು ಮಾಡಿಸಲು ಆಗುತ್ತದಾ ಮೇಡಂ?

ಲ್ಯಾಬ್ ಟೀಚರ್, ಉಡುಪಿ ಜಿಲ್ಲೆ

ಖಂಡಿತ ಆಗುತ್ತದೆ. ಒಬ್ಬರು ರೋಗಿ ಆಗಲಿ, ಒಬ್ಬರು ಮನೆಯವರು. ಒಂದು ಕಾಗದದಲ್ಲಿ ನಿನ್ನೆಯ ಲೆಕ್ಕ, ಇನ್ನೊಂದರಲ್ಲಿ ಇವತ್ತಿನದು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು, ಕೇಳದೆ ಏನೂ ಹೇಳಬಾರದು. "ಎಷ್ಟು ಹೊತ್ತಿಗೆ ಯೂರಿನ್ ಹೋಗಿದ್ದು?" ಎಂದು ಕೇಳುವವರೆಗೆ ಸುಮ್ನೆ ಇರಬೇಕು. ಮುಗಿದ ಮೇಲೆ ಕೂತು ಮಾತಾಡಿ, ಅದಕ್ಕೆ ಜಾಸ್ತಿ ಸಮಯ ಇಡಿ. ದುಡ್ಡು ಖರ್ಚಿಲ್ಲ.

ರೋಗಿಯ ಮನೆಯವನು

ನಾನು ನರ್ಸ್ ಅಲ್ಲ. ಅಪ್ಪನಿಗೆ ಡೆಂಗಿ ಆಗಿ ಅಡ್ಮಿಟ್ ಆಗಿದ್ದಾಗ ಒಬ್ಬ ಸಿಸ್ಟರ್ ಹೇಳಿದ್ದರು, ಜ್ವರ ಬಿಟ್ಟ ಮೇಲಿನ ಒಂದೆರಡು ದಿನ ಇನ್ನೂ ಹುಷಾರಾಗಿರಬೇಕು ಅಂತ. ಪದೇ ಪದೇ ವಾಂತಿ, ಹೊಟ್ಟೆನೋವು, ಒಸಡಿನಲ್ಲಿ ರಕ್ತ, ಮಂಪರು ಇದ್ದರೆ ರಾತ್ರಿಯಾದರೂ ಕರೆಯಿರಿ ಎಂದು ನನ್ನ ಫೋನಿನಲ್ಲೇ ಬರೆಸಿದ್ದರು. ಪ್ಲೇಟ್‌ಲೆಟ್ ಎಷ್ಟು ಎಂಬುದನ್ನು ಬಿಟ್ಟು ನಾವು ಬೇರೇನೂ ಯೋಚಿಸುತ್ತಿರಲಿಲ್ಲ. ಅವರು ಹೇಳಿದ ಮೇಲೆ ಏನು ನೋಡಬೇಕು ಎಂದು ಗೊತ್ತಾಯಿತು. ಈ ರೀತಿ ಕಲಿಯುವ ಮಕ್ಕಳಿಗೆ ದೇವರು ಒಳ್ಳೆಯದು ಮಾಡಲಿ.

ಆರನೇ ಸೆಮ್, ಮಂಗಳೂರು

ಎಲ್ಲರ ಉತ್ತರ ಓದಿದೆ. ಇಂಗ್ಲೆಂಡಿನ ಅಕ್ಕ ಹಾಕಿದ ಆ 3ರ ಲೆಕ್ಕವನ್ನು ಕ್ಲಾಸಿನ ಗ್ರೂಪಿಗೂ ಕಳಿಸಿದೆ.

ವಾರ್ಡ್ ಸಿಸ್ಟರ್ ಮಾತಿಗೆ ಒಂದು ಸೇರಿಸಬೇಕು. ಇತ್ತೀಚೆಗೆ ಪೋಸ್ಟಿಂಗ್‌ನಲ್ಲಿದ್ದಾಗ ತುಂಬ ಸಣಕಲಾದ ಒಬ್ಬ ಅಜ್ಜ ಇದ್ದರು. ಬಿಪಿ ನೋಡಿದರೆ ಬೆಳಿಗ್ಗೆಗಿಂತ ಬಹಳ ಕಡಿಮೆ. ಈಗ ನಾನು ಜೇಬಿನ ಚೀಟಿಯಲ್ಲಿ ಹಿಂದಿನ ಲೆಕ್ಕವನ್ನೂ ಪಕ್ಕದಲ್ಲೇ ಬರೆದುಕೊಳ್ಳುತ್ತೇನೆ, ಹಾಗಾಗಿ ಕೂಡಲೇ ಕಂಡಿತು. ಕೈ ಹಿಡಿದು ನೋಡಿದೆ, ಬೆಚ್ಚಗಿತ್ತು. ಪಲ್ಸ್ ತುಂಬಿಕೊಂಡು ಸಿಗುತ್ತಿತ್ತು. ಅಜ್ಜ ಆರಾಮಾಗಿ ಗಂಜಿ ಕುಡಿಯುತ್ತಿದ್ದರು. ಅಂಕಿಗೂ ಅಜ್ಜನಿಗೂ ತಾಳೆಯೇ ಇಲ್ಲ. ಸ್ಟಾಫ್ ಸಿಸ್ಟರ್‌ಗೆ ಎರಡನ್ನೂ ಹೇಳಿದೆ, ಲೆಕ್ಕ ಇಷ್ಟಿದೆ, ಆದರೆ ನೋಡಲು ಹೀಗಿದ್ದಾರೆ ಅಂತ. ಅವರು ಬಂದು ಮೊದಲು ನೋಡಿದ್ದು ತೋಳಿಗೆ ಸುತ್ತುವ ಬಿಪಿ ಪಟ್ಟಿಯನ್ನು, ಅಂದರೆ ಕಫ್ ಅನ್ನು. ಪಕ್ಕದ ಬೆಡ್‌ನ ದಪ್ಪ ರೋಗಿಗೆ ತಂದಿದ್ದ ದೊಡ್ಡ ಕಫ್ ಅದು. ತೋಳಿಗೆ ಕಫ್ ದೊಡ್ಡದಾದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಚಿಕ್ಕದಾದರೆ ಜಾಸ್ತಿ. ಸರಿಯಾದ ಕಫ್ ಕಟ್ಟಿದಾಗ ಬೆಳಿಗ್ಗೆಯಷ್ಟೇ ಬಂತು.

ಲ್ಯಾಬಿನಲ್ಲಿ ಇದು ಬರುವುದೇ ಇಲ್ಲ. ಗೊಂಬೆಯ ತೋಳಿಗೆ ಕಫ್ ಯಾವಾಗಲೂ ಸರಿ ಕೂರುತ್ತದೆ, ಅಂಕಿ ಯಾವಾಗಲೂ ನಿಜ. ವಾರ್ಡಿನಲ್ಲಿ ಅಂಕಿಯನ್ನೂ ಪ್ರಶ್ನಿಸಬೇಕು. ಆದರೆ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡುವುದು, ಅನಿಸಿದ್ದನ್ನು ಬಾಯಿಬಿಟ್ಟು ಹೇಳುವುದು, ಇವೆರಡನ್ನೂ ನಾನು ಕಲಿತದ್ದು ಆ ಗೊಂಬೆಯ ಹತ್ತಿರವೇ. ಮುಟ್ಟಿ ನೋಡುವುದನ್ನು ಕಲಿಸಿದ್ದು ವಾರ್ಡ್. ಒಂದನ್ನು ಬಿಟ್ಟು ಇನ್ನೊಂದು ನನಗೆ ಸಾಕಾಗುತ್ತಿರಲಿಲ್ಲ.

ವಾರ್ಡ್ ಸಿಸ್ಟರ್, ಉಡುಪಿ

ಲೆಕ್ಕದ ಜೊತೆ "ನೋಡಲು ಹೀಗಿದ್ದಾರೆ" ಎಂದು ಹೇಳಿದೆಯಲ್ಲ ತಂಗೀ, ಅದು ಬಹಳ ದೊಡ್ಡದು. ಬರೀ ಅಂಕಿ ಹೇಳಿ ಓಡಿಹೋಗುವವರೇ ಜಾಸ್ತಿ. ಇನ್ನೊಂದು ಅಭ್ಯಾಸ ಮಾಡಿಕೋ. ಹ್ಯಾಂಡೋವರ್ ತೆಗೆದುಕೊಂಡ ಮೇಲೆ ಕುರ್ಚಿಯಲ್ಲಿ ಕೂರುವ ಮೊದಲು ಒಂದು ಸುತ್ತು ಹೋಗಿ ಎಲ್ಲರ ಕೈ ಮುಟ್ಟಿ, ಹೆಸರು ಹಿಡಿದು ಮಾತಾಡಿಸಿ ಬಾ. ಯಾರ ಹತ್ತಿರ ಮೊದಲು ಹೋಗಬೇಕು ಎಂದು ಆಗಲೇ ಗೊತ್ತಾಗುತ್ತದೆ. ಎಷ್ಟು ರೋಗಿಗಳಿದ್ದರೂ ಹೀಗೇ ಮಾಡಬೇಕು, ನಿನ್ನ ಪ್ರಶ್ನೆಗೆ ನನ್ನ ಉತ್ತರ ಅದೇ.

ಲ್ಯಾಬ್ ಟೀಚರ್, ಉಡುಪಿ ಜಿಲ್ಲೆ

ಕಫ್ ವಿಷಯ ನಮ್ಮ ಮುಂದಿನ ಸಿನೇರಿಯೋಗೆ ಹಾಕುತ್ತೇನೆ. ಟೇಬಲ್ ಮೇಲೆ ಮೂರು ಸೈಜಿನ ಕಫ್ ಇಡುತ್ತೇನೆ, ದೊಡ್ಡದು ಕಟ್ಟಿದವರಿಗೆ ಕಡಿಮೆ ಅಂಕಿಯೇ ಬರುತ್ತದೆ. ಸಿಸ್ಟರ್, ನಿಮ್ಮ ಹತ್ತಿರ ಒಂದು ಕೇಳಿಕೊಳ್ಳಬೇಕಿತ್ತು. ಆ ದಿನ ನೀವು ನಮ್ಮ ಲ್ಯಾಬಿಗೆ ಬಂದು ಡಿಬ್ರೀಫಿಂಗ್‌ನಲ್ಲಿ ಕೂರಬಹುದಾ?

ವಾರ್ಡ್ ಸಿಸ್ಟರ್, ಉಡುಪಿ

ಬರುತ್ತೇನೆ ಮೇಡಂ. ಡಿಬ್ರೀಫಿಂಗ್ ಮಾತ್ರ ಯಾಕೆ, ರೋಗಿಯ ದನಿಯೂ ನಾನೇ ಆಗುತ್ತೇನೆ. ತುಳುವಿನಲ್ಲೇ ಮಾತಾಡುತ್ತೇನೆ, ಕೇಳದೆ ಏನನ್ನೂ ಹೇಳುವುದಿಲ್ಲ.

ಲ್ಯಾಬ್ ಟೀಚರ್, ಉಡುಪಿ ಜಿಲ್ಲೆ

ತುಂಬ ಖುಷಿಯಾಯಿತು. ಸ್ಕ್ರಿಪ್ಟ್ ಕಳಿಸುತ್ತೇನೆ, ನಿಮಗೆ ಸರಿ ಕಾಣದ್ದನ್ನು ತಿದ್ದಿ. ಮುಂದಿನ ವಾರ ಡ್ಯೂಟಿ ಯಾವುದು ನಿಮಗೆ?

ವಾರ್ಡ್ ಸಿಸ್ಟರ್, ಉಡುಪಿ

ನೈಟ್. ಮಧ್ಯಾಹ್ನ ಮೂರರ ಮೇಲೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಒಂದು ನಿದ್ದೆ ಮುಗಿಸಿರುತ್ತೇನೆ.